ಮೆತ್ವಲ್ಲಿಯ ಆಹಾಕಾರ

ಆ ವರ್ಷ ಕೈರೋದ ಹಿಲ್ಮಿಯ್ಯಾ ಪೇಟೆಯಲ್ಲಿ ಒಂದು ದವಡೆ ಹಲ್ಲು ಕೀಳಲು ಡಾಕ್ಟರು ಒಂದು ಪೌಂಡು ಕೇಳುತ್ತಿದ್ದರು. ಅದೇ ಹಲ್ಲನ್ನು ಕ್ಷೌರದ ಮಹ್ರೂಸ್ ಕಾಲು ಪೌಂಡಿಗೆ ಕಿತ್ತು, ಮೇಲೆ ಗಡ್ಡವನ್ನೂ ಹೆರೆದು ಕಳಿಸುತ್ತಿದ್ದ. ಆದರೆ ಕೀಳುವುದು ಅದೇ ಹಲ್ಲನ್ನು ಎಂಬುದಕ್ಕೆ ಖಾತರಿ ಇರಲಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿದ್ದ ಲವಂಗಕ್ಕೆ ಖರ್ಚೇ ಇಲ್ಲ. ನೀರಿನ ಕಂದಾಯದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮೆತ್ವಲ್ಲಿ ಈ ಮೂರನ್ನೂ ತೂಗಿ ನೋಡಿ, ಸಂಸಾರಸ್ಥನಿಗೆ ತಕ್ಕ ವಿವೇಕದಿಂದ ಲವಂಗವನ್ನು ಆರಿಸಿಕೊಂಡ. ಬಲಗಡೆಯ ಕೆಳದವಡೆಯ ಆ ಹಲ್ಲು ಮಾತ್ರ ಈ ತೀರ್ಮಾನವನ್ನು ಒಪ್ಪಲಿಲ್ಲ.

"ಒಂದು ಪೌಂಡು ಉಳಿಸೋಕೆ ಹೋಗಿ ಕೆನ್ನೇನ ಬನ್ನು ಮಾಡ್ಕೊಂಡಿದೀರಿ," ಎಂದಳು ಹೆಂಡತಿ ಇನ್ಶಿರಾಹ್, ಅವನ ಕೋಟಿನ ಗುಂಡಿ ಹಾಕುತ್ತಾ. "ನೋಡಿ, ಇವತ್ತು ಹಾಜಿ ಮನೆ ಮದುವೇಲಿ ಹಲ್ಲು ಗಿಲ್ಲು ಅಂತ ಬಾಯಿ ಬಿಡಬೇಡಿ. ಹಾಡು ಕೇಳಿ. ಕೇಳೋಕಾಗಲ್ವಾ, ಕೇಳ್ದಂಗೆ ಕೂತ್ಕೊಳ್ಳಿ. ಮಗಳ ಬದುಕು ನಿಮ್ಮ ಕಿವೀಲಿದೆ."

ಇದು ಉತ್ಪ್ರೇಕ್ಷೆಯಲ್ಲ. ಮಗಳು ತಹಾನಿಯನ್ನು ಇಷ್ಟಪಟ್ಟಿದ್ದವನು ಈರುಳ್ಳಿಯ ಸಗಟು ವ್ಯಾಪಾರಿ ಹಾಜಿ ದಿಸೂಕಿಯ ಕಿರಿಯ ಮಗ ಇಜ್ಜತ್. ಹುಡುಗ ಒಳ್ಳೆಯವನು, ಹುಡುಗಿಯೂ ಒಪ್ಪಿದ್ದಳು. ತೊಡಕಾಗಿದ್ದು ಹಾಜಿಯ ಸಂಗೀತದ ಹುಚ್ಚು. "ಕಿವಿ ಇಲ್ಲದ ಮನೆಯ ಹೆಣ್ಣು ನನ್ನ ಮನೆಗೆ ಬೇಡ" ಎಂಬುದು ಆತನ ಹಟ. ಇದಕ್ಕೆ ಮೊದಲು ಹಿರಿಯ ಮಗನಿಗೆ ನೋಡಿದ್ದ ಒಂದು ಸಂಬಂಧವನ್ನು, ಹುಡುಗಿಯ ತಂದೆ ಒಳ್ಳೆಯ ಆಲಾಪದ ನಡುವೆ ಕಲ್ಲಂಗಡಿ ಬೀಜ ಕಡಿದನೆಂಬ ಒಂದೇ ಕಾರಣಕ್ಕೆ ಆತ ಮುರಿದು ಹಾಕಿದ್ದ. ಇದು ಗೊತ್ತಿದ್ದ ತಹಾನಿ, "ನಮ್ಮಪ್ಪನಿಗೆ ಹಾಡು ಅಂದ್ರೆ ಪ್ರಾಣ" ಎಂದು ಇಜ್ಜತನ ಕಿವಿಯಲ್ಲಿ ಒಂದು ಸಣ್ಣ ಸುಳ್ಳು ಹಾಕಿದ್ದಳು. ನಿಜ ಹೇಳಬೇಕೆಂದರೆ, ಹಾಡುಗಳಲ್ಲಿ ಮೆತ್ವಲ್ಲಿ ಗುರುತಿಸಬಲ್ಲವನಾಗಿದ್ದ ಬಗೆಗಳು ಎರಡೇ: ಜೋರಾಗಿರುವುದು, ಮತ್ತು ಜೋರಾಗಿಲ್ಲದಿರುವುದು. ಮದುವೆಗಳಿಗೆ ಅವನು ಹೋಗುತ್ತಿದ್ದುದು ಅಕ್ಕಿ ಪಾಯಸಕ್ಕಾಗಿ. ಇನ್ಶಿರಾಹ್ ಹೆಂಗಸರ ಕಡೆ ಕೂತಿದ್ದರೆ, ನರ್ತಕಿಗಾಗಿ.

ಈಗ ಹಾಜಿಯ ಹಿರಿಯ ಮಗನ ಮದುವೆ. ಭಾವಿ ಬೀಗನನ್ನು ಪರೀಕ್ಷೆ ಮಾಡಲೆಂದೇ ಹಾಜಿ ಅವನನ್ನು ಕರೆದು ಮೊದಲ ಸಾಲಿನಲ್ಲಿ ಕೂರಿಸಿದ.

ಗಲ್ಲಿಯುದ್ದಕ್ಕೂ ಬಣ್ಣದ ಬಟ್ಟೆಯ ಚಪ್ಪರ ಹಾಕಿತ್ತು. ವೇದಿಕೆಯ ಮೇಲೆ ಉಸ್ತಾದ್ ವಗ್ದಿ ಹಾಡುತ್ತಿದ್ದರು. ಒಂದು ಕಾಲಕ್ಕೆ ಅವರ ಹಾಡು ಕೇಳಲು ಜನ ಟ್ರಾಮಿನ ಮೇಲೆ ಹತ್ತಿ ಬರುತ್ತಿದ್ದರಂತೆ. ಈಗ ಮದುವೆ ಮನೆಯವರು ಅವರನ್ನು ಕರೆಸುತ್ತಿದ್ದುದು, ನರ್ತಕಿ ಇನ್ನೊಂದು ಮದುವೆ ಮುಗಿಸಿ ಬಂದು ಬಟ್ಟೆ ಬದಲಾಯಿಸುವ ತನಕ ಹೊತ್ತು ತುಂಬಿಸಲು. ಉಸ್ತಾದರು ಕಣ್ಣು ಮುಚ್ಚಿ ಹಾಡುತ್ತಿದ್ದರು. ತೆರೆದರೆ ಕಾಣುವುದು ಬೆನ್ನುಗಳೇ ಎಂಬುದು ಅವರಿಗೆ ಗೊತ್ತಿತ್ತು. ಜನ ಮಾಂಸದ ಬೆಲೆಯ ಬಗ್ಗೆ ಮಾತಾಡುತ್ತಿದ್ದರು. ಹಾಜಿ ದಿಸೂಕಿ ಒಬ್ಬ ಮಾತ್ರ ಕೇಳುತ್ತಿದ್ದ. ಆತನೂ ನೋಡುತ್ತಿದ್ದುದು ಮೆತ್ವಲ್ಲಿಯ ಮುಖವನ್ನೇ.

"ನಿನ್ನ ಬಾಗಿಲಲ್ಲಿ ನನ್ನ ನೆರಳನ್ನು ಮರೆತು ಬಂದೆ," ಎಂದು ಉಸ್ತಾದರು ಎತ್ತಿಕೊಂಡರು. ಸ್ವರ ಮೆಟ್ಟಿಲು ಹತ್ತಿದಂತೆ ಹತ್ತಿತು, ಮೇಲೆ ನಿಂತು ಅತ್ತಿತ್ತ ನೋಡಿತು, ಜಾರಿ ಇಳಿಯಿತು. ಹಾಡಿನ ಸಾಲು ಮುಗಿಯುತ್ತಲೇ, ವೇದಿಕೆಯ ಬುಡದಲ್ಲಿ ಕೂತಿದ್ದ ಡೋಲಿನವನು ತೊಡೆಯ ಮೇಲಿನ ಡೋಲಿಗೆ 'ದುಮ್' ಎಂದು ಒಂದು ಪೆಟ್ಟು ಕೊಟ್ಟ. ಡೋಲು ಇದ್ದದ್ದು ಮೆತ್ವಲ್ಲಿಯ ಮೊಳಕಾಲಿನ ಪಕ್ಕದಲ್ಲಿ. ಆ ಪೆಟ್ಟು ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಬೆನ್ನಿಗೆ, ಬೆನ್ನಿನಿಂದ ನೇರವಾಗಿ ಬಲಗಡೆಯ ಕೆಳದವಡೆಗೆ ಹೋಯಿತು.

"ಆ...ಹ್!" ಎಂದ ಮೆತ್ವಲ್ಲಿ, ಕೈಯನ್ನು ಕೆನ್ನೆಗೆ ಒತ್ತಿ.

ಆ ಊರಿನಲ್ಲಿ ಹಾಡುವವನಿಗೂ ಕೇಳುವವನಿಗೂ ಇರುವ ವ್ಯವಹಾರವೇ ಇದು. ಸಾಲು ಚೆನ್ನಾಗಿ ಇಳಿದರೆ ಕೇಳುವವನು 'ಆಹ್' ಎನ್ನಬೇಕು. 'ಆಹ್' ಬಂದರೆ ಹಾಡುವವನು ಅದೇ ಸಾಲನ್ನು ಮತ್ತೆ, ಇನ್ನೂ ಚೆನ್ನಾಗಿ ಹಾಡಬೇಕು. ಒಂದು ಕ್ಷಣ ತಡವಾಗಿ ಬಂದ 'ಆಹ್' ಮೂರ್ಖನದು. ಮುಂಚೆ ಬಂದರೆ ಶತ್ರುವಿನದು. ಸರಿಯಾಗಿ ಬೀಳಿಸುವವರು ಇಡೀ ಪೇಟೆಯಲ್ಲಿ ಬೆರಳೆಣಿಕೆಯ ಜನ. ಮೆತ್ವಲ್ಲಿಯ 'ಆಹ್' ಸೂಜಿಯ ಕಣ್ಣಿಗೆ ದಾರ ಹೋದಂತೆ ಹೋಗಿ ಕೂತಿತ್ತು.

ಉಸ್ತಾದ್ ವಗ್ದಿ ಕಣ್ಣು ತೆರೆದರು. ಅದೇ ಸಾಲನ್ನು ಮತ್ತೆ ಎತ್ತಿಕೊಂಡರು. ದುಮ್. "ಆ...ಹ್!" ಮೂರನೇ ಸಲ ಮೇಲೆ ಹೋದ ಸ್ವರ ಇಳಿಯಲು ಮನಸ್ಸೇ ಮಾಡಲಿಲ್ಲ, ಕೊನೆಗೆ ಬಿದ್ದ ಪೆಟ್ಟು ಅಷ್ಟೇ ಜೋರಾಗಿತ್ತು. ಮೆತ್ವಲ್ಲಿಯ ಕಣ್ಣಲ್ಲಿ ನೀರು ಬಂತು.

"ಅಳ್ತಿದಾರೆ!" ಎಂದ ಹಿಂದಿನ ಸಾಲಿನವನು. ಮಾಂಸದ ಬೆಲೆ ನಿಂತಿತು. ಬೆನ್ನುಗಳು ತಿರುಗಿ ಮುಖಗಳಾದವು. ಕೇಳಲು ಬಾರದವರಿಗೆ ಯಾವಾಗಲೂ ಒಬ್ಬ ಮುಂದಾಳು ಬೇಕು; ಮೆತ್ವಲ್ಲಿ ನರಳಿದ ಕಡೆಯಲ್ಲೆಲ್ಲ ಎಲ್ಲರೂ "ಅಲ್ಲಾಹ್! ಅಲ್ಲಾಹ್!" ಎಂದು ಕೂಗತೊಡಗಿದರು. ಉಸ್ತಾದರು ಆ ನೆರಳನ್ನು ಎಷ್ಟು ಸಲ ಮರೆತು ಬಂದರೆಂದರೆ, ಬಾಗಿಲಲ್ಲಿ ನಿಂತು ನಿಂತು ನೆರಳಿಗೇ ಕಾಲು ಜೋಮು ಹಿಡಿದಿರಬೇಕು.

ವೇದಿಕೆಯ ಹಿಂದೆ, ಮಿನುಗು ಬಟ್ಟೆಯ ಮೇಲೆ ಕೋಟು ಹಾಕಿಕೊಂಡು ನರ್ತಕಿ ಲವಾಹಿಜ್ ಶತಪಥ ತಿರುಗುತ್ತಿದ್ದಳು. ಇಲ್ಲಿ ಕುಣಿದು ಮುಗಿಸಿ ನದಿ ದಾಟಿ ಇಂಬಾಬಾದ ಮದುವೆಗೆ ಹೋಗುವುದಿತ್ತು.

"ಇವನು ಆ ನೆರಳನ್ನ ಎತ್ಕೊಂಡು ಮನೆಗೆ ಹೋಗ್ತಾನೋ ಇಲ್ವೋ?" ಎಂದು ಪಿಟೀಲಿನವನನ್ನು ಕೇಳಿದಳು.

"ಒಬ್ಬ ರಸಿಕ ಸಿಕ್ಕಿದಾನಕ್ಕಾ. ಬಿಡ್ತಾ ಇಲ್ಲ."

ಲವಾಹಿಜ್ ಪರದೆಯ ಸಂದಿಯಿಂದ ಇಣುಕಿ ಮೆತ್ವಲ್ಲಿಯನ್ನು ಬಹಳ ಹೊತ್ತು ನೋಡಿದಳು. "ರಸಿಕ ಅಂತೆ," ಎಂದು ಹಲ್ಲು ಕಡಿದಳು.

ಹಾಡು ಮುಗಿದಾಗ ಹಾಜಿ ದಿಸೂಕಿ ಓಡಿ ಬಂದು ಮೆತ್ವಲ್ಲಿಯನ್ನು ತಬ್ಬಿ, ಬಲಗೆನ್ನೆಗೇ ಒಂದು ಮುತ್ತು ಕೊಟ್ಟ.

"ಆ...ಹ್!"

"ನೋಡಿದ್ರಾ! ನನ್ನ ಪ್ರೀತಿಗೂ ಆಹಾ ಅಂದ್ರು!" ಹಾಜಿ ಗಲ್ಲಿಗೆಲ್ಲ ಕೇಳುವಂತೆ ಕೂಗಿದ. "ಬೀಗ್ರೇ! ಹೆಣ್ಣು ನಮ್ಮದು, ಗಂಡು ನಿಮ್ಮದು. ಮುಂದಿನ ತಿಂಗಳು ನಿಕಾಹ್. ಇನ್ನು ಮಾತಿಲ್ಲ."

ಉಸ್ತಾದರು ವೇದಿಕೆಯಿಂದ ಇಳಿದು ಬಂದು ಹೇಳಿದರು: "ಆ ಮದುವೆಗೆ ನಾನು ಹಾಡ್ತೀನಿ. ಒಂದು ಪಿಯಾಸ್ಟರ್ ಕಾಸೂ ಬೇಡ. ಇವರು ಹೀಗೇ ನನ್ನ ಮುಂದೆ ಕೂತಿದ್ರೆ ಸಾಕು."

ಇಂಬಾಬಾದವರು ಬೇರೆ ನರ್ತಕಿಯನ್ನು ಕರೆಸಿಕೊಂಡಿದ್ದಾರೆಂದು ಅಷ್ಟರಲ್ಲಿ ಸುದ್ದಿ ಬಂತು. ಲವಾಹಿಜ್ ಮೆತ್ವಲ್ಲಿಯ ಪಕ್ಕದಲ್ಲಿ ಹಾದು ಹೋಗುವಾಗ, "ನನ್ನ ಇಂಬಾಬಾ ನುಂಗಿದೆ ಚಿಕ್ಕಪ್ಪಾ, ನೆನಪಿಟ್ಕೊ" ಎಂದು ಹೋದಳು.

ಮರುದಿನ ಬೆಳಿಗ್ಗೆ ಮೆತ್ವಲ್ಲಿ ಒಂದು ಪೌಂಡು ಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದ. ಇನ್ಶಿರಾಹ್ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಹಲ್ಲು ಕೀಳಿಸೋಕೆ. ನೀನೇ ಹೇಳಿದ್ದಲ್ವಾ?"

"ಅದು ನಿನ್ನೆ ಹೇಳಿದ್ದು. ಇವತ್ತು ನಿಮ್ಮ ಬಾಯಲ್ಲಿರೋದು ಹಲ್ಲಲ್ಲ, ತಹಾನಿಯ ಮದುವೆ. ಕೀಳಿಸಿಬಿಟ್ರೆ ಆಹಾ ಅನ್ನೋದು ಯಾರು? ನಮ್ಮಪ್ಪನಾ?"

ಮೆತ್ವಲ್ಲಿ ಯೋಚಿಸಿ ನೋಡಿದ. ಅವನ ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಚಪ್ಪಲಿ ಬಿಟ್ಟ.

ಅಂದಿನಿಂದ ಆ ಹಲ್ಲಿಗೆ ರಾಜೋಪಚಾರ ನಡೆಯಿತು. ಅದು ವಾಸಿಯಾಗಬಾರದೆಂದು ಇನ್ಶಿರಾಹ್ ಲವಂಗದ ಡಬ್ಬಿಯನ್ನು ಬೀಗ ಹಾಕಿಟ್ಟಳು. ಬೆಳಿಗ್ಗೆ ಸಂಜೆ ಸಕ್ಕರೆ ಪಾಕ ಸುರಿಯುವ ಬಸ್ಬೂಸಾ ತಿನ್ನಿಸಿ ಮೇಲೆ ತಣ್ಣೀರು ಕುಡಿಸಿದಳು. ಹಲ್ಲು ಕೃತಜ್ಞತೆಯಿಂದ ಎಲ್ಲಿ ಬೇಕಾದಲ್ಲಿ, ಯಾವಾಗ ಬೇಕಾದರೆ ಆಗ ಮಾತಾಡತೊಡಗಿತು.

ಕಚೇರಿಯಲ್ಲಿ ಒಬ್ಬ ವಿಧವೆ ನೀರಿನ ಬಿಲ್ಲನ್ನು ಕಿಟಕಿಯಲ್ಲಿ ತೂರಿಸಿ, "ಇಷ್ಟೊಂದು ಹಾಕಿದೀರಲ್ಲ, ನಾನೇನು ನೈಲ್ ನದೀನೇ ಕುಡಿದೆನಾ?" ಎಂದು ಜಗಳಕ್ಕೆ ಬಂದಳು. ಮೆತ್ವಲ್ಲಿ ಮೊತ್ತವನ್ನು ನೋಡಿ "ಆ...ಹ್!" ಎಂದ. ಆಕೆ ಕರಗಿಹೋದಳು. "ಇಷ್ಟು ವರ್ಷದಲ್ಲಿ ಈ ಕಿಟಕೀಲಿ ನಮ್ಮ ಕಷ್ಟ ಅರ್ಥ ಮಾಡ್ಕೊಂಡೋನು ನೀನೊಬ್ಬನೇ ಕಣಪ್ಪಾ" ಎಂದು ಹರಸಿ, ಪೂರ್ತಿ ಹಣ ಕಟ್ಟಿ ಹೋದಳು. ಸುದ್ದಿ ಹರಡಿತು. ಬೇರೆ ಕಿಟಕಿಗಳು ಖಾಲಿ ಹೊಡೆದವು. ಮೆತ್ವಲ್ಲಿಯ ಮುಂದೆ ಸಾಲು ಬೀದಿಯವರೆಗೆ ಬೆಳೆಯಿತು. ಮೇಲಧಿಕಾರಿ ಬಂದು ಹಿಂದೆ ನಿಂತು ಗಮನಿಸಿ, ಬಾಕಿ ವಸೂಲಿಯ ಈ ಹೊಸ ವಿಧಾನವನ್ನು ಉಳಿದ ಗುಮಾಸ್ತರೂ ಕಲಿಯತಕ್ಕದ್ದೆಂದು ಆಜ್ಞೆ ಹೊರಡಿಸಿದ. ಮಧ್ಯಾಹ್ನದ ಹೊತ್ತಿಗೆ ಆ ಕಚೇರಿಯನ್ನು ಹೊರಗಿನಿಂದ ಕೇಳಿದವರು ಆಸ್ಪತ್ರೆಯೆಂದು ತಿಳಿದು ರೋಗಿಗಳನ್ನು ಕರೆತರುವ ಸ್ಥಿತಿ ಬಂತು.

ಒಂದು ಸಂಜೆ ಕಾಫಿ ಅಂಗಡಿಯ ರೇಡಿಯೋ ಪೇಟೆ ಧಾರಣೆ ಓದುತ್ತಿತ್ತು. ಬೆಳ್ಳುಳ್ಳಿ ಇಷ್ಟು, ಆಲೂಗಡ್ಡೆ ಇಷ್ಟು. "ಈರುಳ್ಳಿ" ಎನ್ನುತ್ತಲೇ ಮೆತ್ವಲ್ಲಿಯ ಹಲ್ಲು ಜುಮ್ಮೆಂದಿತು. "ಆ...ಹ್!" ಕಾಫಿ ಅಂಗಡಿಯೆಲ್ಲ ತಿರುಗಿ ನೋಡಿತು. ಈರುಳ್ಳಿಯ ಬೆಲೆಯಲ್ಲಿ ರಾಗ ಯಾವುದೆಂದು ಯಾರಿಗೂ ಹೊಳೆಯಲಿಲ್ಲ. ಸುದ್ದಿ ಮಂಡಿಗೆ ಮುಟ್ಟಿದಾಗ ಹಾಜಿ ದಿಸೂಕಿ ಕಣ್ಣೊರೆಸಿಕೊಂಡ. "ಬೆಲೆ ಬಿದ್ದದ್ದು ನನಗೆ. ಹೊಟ್ಟೆ ಉರಿದದ್ದು ಅವರಿಗೆ. ಬೀಗತನ ಅಂದ್ರೆ ಇದು!" ಎಂದು ಒಂದು ಮೂಟೆ ಈರುಳ್ಳಿ ಕಳಿಸಿಕೊಟ್ಟ.

ಹೀಗೆ ತಿಂಗಳು ಕಳೆಯಿತು. ನಿಕಾಹ್‌ನ ದಿನ ಬೆಳಿಗ್ಗೆ ಮೆತ್ವಲ್ಲಿ ಎದ್ದು ಕೂತು, ಏನೋ ಕಳೆದುಕೊಂಡವನಂತೆ ಅತ್ತಿತ್ತ ನೋಡಿದ. ನಾಲಿಗೆಯಿಂದ ಹಲ್ಲನ್ನು ಮುಟ್ಟಿದ. ಬೆರಳಿನಿಂದ ಒತ್ತಿದ.

"ಇನ್ಶಿರಾಹ್," ಎಂದ ಸಣ್ಣ ದನಿಯಲ್ಲಿ. "ನೋವಿಲ್ಲ."

"ತಮಾಷೆ ಮಾಡಬೇಡಿ."

"ಮಗಳಾಣೆ."

ಇನ್ಶಿರಾಹ್ ತಣ್ಣೀರು ಕುಡಿಸಿದಳು, ಬಿಸಿ ಚಹಾ ಕುಡಿಸಿದಳು, ಬಸ್ಬೂಸಾ ತುರುಕಿದಳು, ಕೊನೆಗೆ ಚಮಚದ ಹಿಡಿಯಿಂದ ಹಲ್ಲಿಗೆ ಟಕಟಕ ಹೊಡೆದಳು. ಬಾಗಿಲು ಬಡಿದರೆ ಖಾಲಿ ಮನೆ ಓಗೊಡುವುದಿಲ್ಲ. ಮಹ್ರೂಸನನ್ನು ಕರೆಸಿದರು. ಅವನು ಬಾಯೊಳಗೆ ಇಣುಕಿ, ಮುಖ ಗಂಭೀರ ಮಾಡಿಕೊಂಡು, "ಸತ್ತಿದೆ. ಒಳಗಿನ ನರ ಹೋಗಿಬಿಟ್ಟಿದೆ. ದೇವರು ನಿಮಗೆ ಸಮಾಧಾನ ಕೊಡಲಿ" ಎಂದ. ಇನ್ಶಿರಾಹ್ ಎದೆ ಬಡಿದುಕೊಂಡು ಅತ್ತಳು. ಪಕ್ಕದ ಮನೆಯ ಉಮ್ಮ್ ಫಿಕ್ರಿ ಗಾಬರಿಯಿಂದ ಓಡಿ ಬಂದು ಯಾರು ಹೋದರೆಂದು ಕೇಳದೆಯೇ ಜತೆಗೆ ಅತ್ತಳು. ಹಲ್ಲೆಂದು ತಿಳಿದ ಮೇಲೂ, ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡಬಾರದೆಂದು ಇನ್ನಷ್ಟು ಅತ್ತಳು.

"ಅಷ್ಟು ಸಲ ಆಹಾ ಅಂದಿದೀರಲ್ಲ," ಎಂದಳು ಕೊನೆಗೆ ಉಮ್ಮ್ ಫಿಕ್ರಿ. "ಬಾಯಿಪಾಠ ಆಗಿರಲ್ವಾ? ಸುಮ್ಮನೆ ಅಂದ್ಬಿಡಿ."

ಮೆತ್ವಲ್ಲಿ ಎದ್ದು ನಿಂತು, ಕೆನ್ನೆಗೆ ಕೈಯಿಟ್ಟು, ಪ್ರಯತ್ನಿಸಿದ. ಹೊರಬಂದದ್ದು ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಸ್ವರ. ಮಹಡಿಯ ಮೇಲಿನವರು ಕಿಟಕಿ ತೆರೆದು "ಶ್! ಶ್!" ಎಂದು ನೀರು ಎರಚಿದರು.

ಸಂಜೆ ಚಪ್ಪರ ತುಂಬಿತ್ತು. ಮೆತ್ವಲ್ಲಿಯ 'ಆಹ್' ಕೇಳಲೆಂದೇ ಅಕ್ಕಪಕ್ಕದ ಪೇಟೆಗಳಿಂದ ಜನ ಬಂದಿದ್ದರು. ನೀರಿನ ಕಚೇರಿಯ ಮೇಲಧಿಕಾರಿಯೂ ಬಂದಿದ್ದ. ನಿಕಾಹ್ ಓದಿಸುವ ಶೇಖ್ ಪುಸ್ತಕ ಬಿಚ್ಚಿಟ್ಟುಕೊಂಡು, "ಶುರು ಮಾಡೋಣ್ವಾ?" ಎಂದ.

"ನನ್ನ ಮನೇಲಿ ಮೊದಲು ಹಾಡು. ಆಮೇಲೆ ರುಜು," ಎಂದ ಹಾಜಿ ದಿಸೂಕಿ. "ನಮ್ಮ ಬೀಗ್ರ ಬಾಯಿಂದ ಒಂದು ಆಹಾ ಬೀಳಲಿ. ಅದಕ್ಕಿಂತ ಒಳ್ಳೆ ಘಳಿಗೆ ಯಾವುದಿದೆ?"

ಉಸ್ತಾದ್ ವಗ್ದಿ ಹೊಸ ಕೋಟು ಹೊಲಿಸಿಕೊಂಡು ಬಂದಿದ್ದರು. ಮೆತ್ವಲ್ಲಿಗೆ ಬಾಗಿ ನಮಸ್ಕರಿಸಿ, ಅದೇ ಸಾಲನ್ನು ಎತ್ತಿಕೊಂಡರು. ಸ್ವರ ಹತ್ತಿತು, ನಿಂತಿತು, ಇಳಿಯಿತು. ದುಮ್.

ಸದ್ದಿಲ್ಲ.

ಚಪ್ಪರದ ಜನರೆಲ್ಲ ಮೆತ್ವಲ್ಲಿಯ ಬಾಯಿಯನ್ನು ನೋಡಿದರು. ಉಸ್ತಾದರು ಗಂಟಲು ಸರಿಮಾಡಿಕೊಂಡು ಎರಡನೇ ಸಲ ಹಾಡಿದರು. ದುಮ್. ಮೆತ್ವಲ್ಲಿ ಉಸಿರು ಎಳೆದುಕೊಂಡ. ಧೈರ್ಯ ಸಾಲದೆ ತಡೆದ. ಉಸ್ತಾದರು ಮುಂದಿನ ಪದದ ನಡುವಿನಲ್ಲಿದ್ದಾಗ "ಆಹಿಕ್" ಎಂದುಬಿಟ್ಟ. ಪಿಟೀಲಿನವನು ಪಿಟೀಲಿನ ಹಿಂದೆ ಮುಖ ಮುಚ್ಚಿಕೊಂಡ. ಉಸ್ತಾದರ ಸ್ವರ ಮೆಟ್ಟಿಲ ನಡುವೆ ಎಡವಿತು.

"ಏನ್ ಬೀಗ್ರೇ," ಎಂದ ಹಾಜಿ. ದನಿಯಲ್ಲಿ ನಗು ಇರಲಿಲ್ಲ. "ಹುಷಾರಿಲ್ವಾ?"

"ಚೆನ್ನಾಗೇ ಇದೀನಿ."

"ಅದೇ ನನಗೆ ಯೋಚನೆ. ನಮ್ಮ ಉಸ್ತಾದರು ಹಾಡಿದ ಮೇಲೂ ಚೆನ್ನಾಗೇ ಇರೋರನ್ನ ನಾನು ನೋಡಿಲ್ಲ."

ಹಾಜಿಯ ಅಣ್ಣ, ಬಾಯಲ್ಲಿ ಹುಳಿಯೇ ತುಂಬಿದ ಮನುಷ್ಯ, ಎಲ್ಲರಿಗೂ ಕೇಳುವಷ್ಟು ಪಿಸುಗುಟ್ಟಿದ: "ಅವತ್ತು ನಾಟಕ ಕಣೋ. ಈರುಳ್ಳಿ ಮೂಟೆ ಒಳಗೆ ಹೋಯ್ತು, ಆಹಾ ಒಳಗೇ ಉಳೀತು."

ಶೇಖ್ ಪೆನ್ನಿನ ಮುಚ್ಚಳ ಹಾಕಿದ. ಹೆಂಗಸರ ಕಡೆಯಿಂದ ಇನ್ಶಿರಾಹ್ ಬಿಕ್ಕಿದ್ದು ಕೇಳಿಸಿತು. ಹಾಜಿ ಎದ್ದು ನಿಂತು, "ಇಜ್ಜತ್, ಇಲ್ಲಿ ಬಾ ಸ್ವಲ್ಪ" ಎಂದು ಮಗನನ್ನು ಪಕ್ಕಕ್ಕೆ ಕರೆದ. ಆ 'ಸ್ವಲ್ಪ' ಯಾವ ಬಗೆಯ ಸ್ವಲ್ಪವೆಂದು ಚಪ್ಪರಕ್ಕೆಲ್ಲ ಅರ್ಥವಾಯಿತು.

ಆಗ ಪರದೆ ಸರಿಯಿತು. ಹಾಡಿನ ನಡುವೆ ನರ್ತಕಿ ಬರುವ ಪದ್ಧತಿ ಇಲ್ಲ; ಲವಾಹಿಜ್ ಬಂದಳು. ಕೈಗಳನ್ನು ಮೇಲೆತ್ತಿ, ಸೊಂಟದ ಮಿನುಗು ಪಟ್ಟಿಯನ್ನು ಝಲ್ಲೆನ್ನಿಸಿ, ನೇರವಾಗಿ ಮೊದಲ ಸಾಲಿಗೆ ನಡೆದಳು. ಡೋಲಿನವನ ಕೈ ತಾನೇ ತಾನಾಗಿ ಶುರುವಾಯಿತು. ಉಸ್ತಾದರು ಬೇರೆ ದಾರಿ ಕಾಣದೆ ಮತ್ತೆ ನೆರಳನ್ನು ಹಿಡಿದರು.

ಲವಾಹಿಜ್ ಮೆತ್ವಲ್ಲಿಯ ಕುರ್ಚಿಯ ಸುತ್ತ ಬಳುಕುತ್ತಾ, ಮುಖದ ಮೇಲಿನ ನಗು ಕದಲದಂತೆ, ತುಟಿಯ ಸಂದಿಯಿಂದ ಕೇಳಿದಳು: "ಹಲ್ಲು ಹೋಯ್ತಾ?"

ಮೆತ್ವಲ್ಲಿ ಬೆಚ್ಚಿಬಿದ್ದ. "ನಿನಗೆ ಹೇಗೆ..."

"ನಮ್ಮಮ್ಮನೂ ಹಾಗೇ ಕೆನ್ನೆ ಹಿಡ್ಕೊಂಡು ನರಳ್ತಿದ್ಳು. ಅವಳಿಗೇನು ಸಂಗೀತ ಗೊತ್ತಿರಲಿಲ್ಲ." ಒಂದು ಸುತ್ತು ಹಾಕಿ ಬಂದಳು. "ನಿಂತುಹೋಯ್ತಾ ನೋವು?"

"ಬೆಳಿಗ್ಗೆ ಸತ್ತುಹೋಯ್ತು. ನನ್ನ ಮಗಳು, ತಾಯೀ..."

"ಅಳಬೇಡ, ಬಣ್ಣ ಹಚ್ಕೊಂಡಿರೋಳು ನಾನು, ನಾನೂ ಅತ್ರೆ ಕರಗಿಹೋಗುತ್ತೆ. ಕೇಳು. ಒಂದು ಸಾಲಿಗೆ ಒಂದು ಆಹಾ. ಎರಡನೇದು ಬಂತೋ, ಈ ಮುದುಕ ಬೆಳಗಾಗೋವರೆಗೂ ಹಾಡ್ತಾನೆ, ಆಗ ಹಲ್ಲಿನ ಕಥೆ ಮೈಕಲ್ಲಿ ಹೇಳ್ತೀನಿ. ಇವತ್ತೂ ಇಂಬಾಬಾ ಇದೆ ನನಗೆ. ಎಡಗಾಲು ಮುಂದೆ ಚಾಚು."

ಮೆತ್ವಲ್ಲಿ ಎಡಗಾಲು ಚಾಚಿದ. ಸ್ವರ ಮೇಲೆ ಹೋಗಿ ನಿಂತಿತು. ಲವಾಹಿಜಳ ಸೊಂಟವೂ ಅಲ್ಲೇ ನಿಂತು ಸಣ್ಣಗೆ ನಡುಗಿತು. ಸ್ವರ ಇಳಿಯಿತು, ಸೊಂಟ ಇಳಿಯಿತು, ದುಮ್ ಎನ್ನುವುದಕ್ಕೂ ಅವಳ ಚಪ್ಪಲಿಯ ಚೂಪು ಹಿಮ್ಮಡಿ ಮೆತ್ವಲ್ಲಿಯ ಹೆಬ್ಬೆರಳಿನ ಮೇಲೆ ಬೀಳುವುದಕ್ಕೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ.

"ಆ.....ಹ್!"

ಅಂಥ 'ಆಹ್' ಆ ಪೇಟೆಯಲ್ಲಿ ಅದಕ್ಕೆ ಮುಂಚೆ ಕೇಳಿರಲಿಲ್ಲ. ಹಲ್ಲಿನ ಕಾಲದ್ದು ಅದರ ಮುಂದೆ ಬರೀ ಕೆಮ್ಮು. ಚಪ್ಪರ ಎದ್ದು ನಿಂತಿತು. ಉಸ್ತಾದರ ಗಂಟಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು. ಎರಡನೇ ಸಾಲು, ಎರಡನೇ ಹಿಮ್ಮಡಿ, ಎರಡನೇ 'ಆಹ್'. ಶೇಖ್ ಕೂಡ ಮೈಮರೆತು "ಅಲ್ಲಾಹ್!" ಎಂದು, ತಕ್ಷಣ ಗಡ್ಡ ನೀವಿಕೊಂಡ.

"ತಡ್ಕೊಂಡಿದ್ರು!" ಹಾಜಿ ಕುಣಿದಾಡಿದ. "ಮೊದಲಿನ ಎರಡು ಸಾಲು ಇವರ ಮಟ್ಟಕ್ಕೆ ಇರಲಿಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ! ನನ್ನ ಕಿವಿಗೇ ಗೊತ್ತಾಗ್ಲಿಲ್ಲ ನೋಡಿ! ಶೇಖ್ ಸಾಹೇಬ್ರೇ, ಬರೀರಿ, ಬರೀರಿ! ಮುಚ್ಚಳ ಯಾಕ್ ಹಾಕಿದೀರಿ?" ಅಣ್ಣನ ಕಡೆ ತಿರುಗಿ, "ನೀನು ಹೋಗಿ ಪಾಯಸ ತಿನ್ನು" ಎಂದ.

ಹಾಡು ನಿಂತಿತು. ಮೆತ್ವಲ್ಲಿ ಕುಂಟುತ್ತಾ ಹೋಗಿ ಶೇಖ್‌ನ ಮುಂದೆ ಕೂತ. ಪದ್ಧತಿಯಂತೆ ಬಿಳಿಯ ಕರವಸ್ತ್ರದ ಕೆಳಗೆ ಅವನ ಕೈಯೂ ಇಜ್ಜತನ ಕೈಯೂ ಸೇರಿದವು, ಶೇಖ್ ಹೇಳಿಕೊಟ್ಟ ಮಾತುಗಳನ್ನು ಇಬ್ಬರೂ ಹೇಳಿದರು, ರುಜು ಬಿತ್ತು. ಇನ್ಶಿರಾಹ್ ಹೆಂಗಸರ ಕಡೆಯಿಂದ ನಾಲಿಗೆ ಹೊರಳಿಸಿ ತೆಗೆದ 'ಉಲುಲು' ಎಂಬ ಸಂಭ್ರಮದ ಕೂಗು ಗಲ್ಲಿಯ ಕೊನೆಯ ಮನೆಗೂ ಕೇಳಿಸಿತು.

ಖುಷಿಗೆ ಉಸ್ತಾದರು ಕೊನೆಯ ಸಲ ಹಾಡಿದರು. ಈಗ ಅವರಿಗೆ ಯಾರನ್ನೂ ನೋಡುವ ಆತಂಕ ಇರಲಿಲ್ಲ. ಸ್ವರ ಮೆಲ್ಲಗೆ, ಅವಸರವಿಲ್ಲದೆ ಹತ್ತಿತು. ನೆರಳನ್ನು ಬಾಗಿಲಲ್ಲಿ ಬಿಟ್ಟು ಬಂದವನು ಒಂದು ಸಲ ಹಿಂದಿರುಗಿ ನೋಡಿದಂತೆ ತಡೆದು, ಇಳಿಯಿತು. ಲವಾಹಿಜ್ ಕುಣಿಯುತ್ತಾ ಚಪ್ಪರದ ಆ ತುದಿಗೆ ಹೋಗಿದ್ದಳು.

"ಆಹ್," ಎಂದ ಮೆತ್ವಲ್ಲಿ, ಸಣ್ಣಗೆ.

ಲವಾಹಿಜ್ ಅಲ್ಲಿಂದಲೇ ಗರಕ್ಕನೆ ತಿರುಗಿದಳು. ಬಳುಕುತ್ತಾ ಬಂದು ಕುರ್ಚಿಯ ಪಕ್ಕ ನಿಂತಳು. "ನಾನು ತುಳೀಲಿಲ್ವಲ್ಲ?"

"ಅದು ನನ್ನ ಸ್ವಂತದ್ದು," ಎಂದ ಮೆತ್ವಲ್ಲಿ, ತಪ್ಪು ಮಾಡಿದವನಂತೆ.

ಉಸ್ತಾದರು ಅದನ್ನು ಕೇಳಿಸಿಕೊಂಡು, ಕಣ್ಣರಳಿಸಿ, ಮತ್ತೆ ಹಾಡಲು ಉಸಿರು ತುಂಬಿಕೊಳ್ಳುತ್ತಿದ್ದರು.

"ಸ್ವಂತದ್ದನ್ನ ಮನೇಲಿಟ್ಕೊ ಚಿಕ್ಕಪ್ಪಾ," ಎನ್ನುತ್ತಾ ಲವಾಹಿಜ್ ಡೋಲಿನವನಿಗೆ ಕಣ್ಸನ್ನೆ ಮಾಡಿದಳು. ಅವನು ಬೇರೆ ತಾಳ ಹಿಡಿದ. ಉಸ್ತಾದರ ಉಸಿರು ಬಾಯಲ್ಲೇ ಉಳಿಯಿತು. ಅವಳು ಕುಣಿದು ಮುಗಿಸಿ, ಕೋಟು ಹಾಕಿಕೊಂಡು, ಟ್ಯಾಕ್ಸಿ ಹತ್ತಿದಳು.

ಅವಳಿಗೆ ಇಂಬಾಬಾ ಸಿಕ್ಕಿತು. ಮೆತ್ವಲ್ಲಿಗೆ ಒಬ್ಬ ಒಳ್ಳೆಯ ಅಳಿಯ ಸಿಕ್ಕಿದ. ಹೋದದ್ದು ಎಡಗಾಲಿನ ಹೆಬ್ಬೆರಳಿನ ಉಗುರು. ಅದು ಮತ್ತೆ ಬೆಳೆಯಲು ಚಳಿಗಾಲ ಮುಗಿಯಬೇಕಾಯಿತು.